ಎಡಿಎಚ್‌ಡಿ ಇರುವ ಮಗನನ್ನು ನವೋದಯ ಕೋಚಿಂಗ್ ಹಾಸ್ಟೆಲ್‌ಗೆ ಕಳಿಸಬಹುದಾ?

ತಿಕೋಟಾ ದ್ರಾಕ್ಷಿ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಬಾಯಿಲೆಕ್ಕ ಕೇಳಿದರೆ ನಮಗಿಂತ ಮೊದಲು ಉತ್ತರ ಹೇಳುತ್ತಾನೆ. ಅದೇ ಲೆಕ್ಕವನ್ನು ಪರೀಕ್ಷೆಯಲ್ಲಿ ಅರ್ಧಕ್ಕೆ ಬಿಟ್ಟು ಬರುತ್ತಾನೆ. ಕೆಲವು ಸಲ ಹಾಳೆಯ ಹಿಂದಿನ ಪುಟ ತಿರುವಿ ನೋಡಿರುವುದೇ ಇಲ್ಲ. ಕಂಪಾಸ್, ನೀರಿನ ಬಾಟಲಿ, ಸ್ವೆಟರ್ ಏನಾದರೊಂದು ಕಳೆದುಕೊಂಡೇ ಬರುತ್ತಾನೆ. ಊಟಕ್ಕೆ ಕುಳಿತರೆ ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಎದ್ದು ಹೊರಗೆ ಹೋಗಿ ಬಂದಿರುತ್ತಾನೆ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುತ್ತಾನೆ. ರಸ್ತೆಯಲ್ಲಿ ಕೈ ಬಿಡಿಸಿಕೊಂಡು ಓಡುತ್ತಾನೆ. ನನಗೆ ಎಲ್ಲಕ್ಕಿಂತ ಭಯ ಅದೇ.

ಶಾಲೆಯವರೇ ಹೇಳಿದ ಮೇಲೆ ವಿಜಯಪುರದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ನಮಗೊಂದು, ಶಾಲೆಗೊಂದು ಪ್ರಶ್ನೆಪಟ್ಟಿ ಕೊಟ್ಟು ತುಂಬಿಸಿಕೊಂಡರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ ಇದೆ ಎಂದರು. ತಂದೆ-ತಾಯಿಗೆ ತರಬೇತಿ ಕೊಡುತ್ತೇವೆ, ಮಾತ್ರೆಯ ಬಗ್ಗೆ ಯೋಚನೆ ಮಾಡಿ ಬನ್ನಿ ಎಂದರು.

ಮನೆಯಲ್ಲಿ ಬೇರೆಯೇ ಮಾತು. ಅತ್ತೆಯವರು ಹುಡುಗನಿಗೆ ತಲೆಯ ಮಾತ್ರೆ ಬೇಡವೇ ಬೇಡ ಎನ್ನುತ್ತಾರೆ. ಮೈದುನ ಒಂದು ನವೋದಯ ಕೋಚಿಂಗ್ ಹಾಸ್ಟೆಲ್ ನೋಡಿ ಬಂದಿದ್ದಾನೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ, ರಾತ್ರಿ ಹತ್ತರವರೆಗೆ ಓದಿಸುತ್ತಾರೆ, ಅಲ್ಲಿ ಹಾಕಿದರೆ ತಾನಾಗಿಯೇ ಸುಧಾರಿಸುತ್ತಾನೆ ಅಂತ ಅವನ ವಾದ. ಮುಂದಿನ ವರ್ಷ ಐದನೇ ತರಗತಿ, ಪ್ರವೇಶ ಪರೀಕ್ಷೆ ಬರೆಯಬೇಕು. ತಿಂಗಳ ಕೊನೆಯೊಳಗೆ ಸೀಟು ಹಿಡಿಯಬೇಕಂತೆ. ಏನು ಮಾಡಲಿ? ಇದನ್ನು ಕಂಡವರು ದಯವಿಟ್ಟು ಹೇಳಿ.

ಬಾಗಲಕೋಟಿ ಮಾಸ್ತರ

ಅಕ್ಕಾ, ಮೊದಲು ಒಂದೆರಡು ಪ್ರಶ್ನೆ. ಕಣ್ಣು, ಕಿವಿ ತೋರಿಸಿದ್ದೀರಾ? ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ? ಟಾನ್ಸಿಲ್ ದೊಡ್ಡದಾಗಿ ನಿದ್ದೆ ಕೆಟ್ಟ ಮಕ್ಕಳೂ ಹಗಲಿನಲ್ಲಿ ಹೀಗೇ ಇರುತ್ತಾರೆ. ಕೂತಲ್ಲೇ ಕೆಲವು ಸೆಕೆಂಡ್ ಕಣ್ಣು ನಿಂತಂತಾಗಿ, ಕರೆದರೂ ಓಗೊಡದೆ ಇರುವುದು ಉಂಟಾ? ಅದು ಫಿಟ್ಸ್‌ನ ಒಂದು ಬಗೆಯೂ ಆಗಿರಬಹುದು. ನನ್ನ ತರಗತಿಯಲ್ಲಿ "ಲಕ್ಷ್ಯ ಇಲ್ಲ" ಎಂದು ಎಲ್ಲರೂ ಬೈಯುತ್ತಿದ್ದ ಹುಡುಗಿಗೆ ಒಂದು ಕಿವಿಯೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ತಿಕೋಟಾ ದ್ರಾಕ್ಷಿ

ಹೌದು ಸರ್, ಡಾಕ್ಟರ್ ಇದನ್ನೆಲ್ಲ ಕೇಳಿದರು. ಕಣ್ಣು, ಕಿವಿ ಸರಿ ಇವೆ. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಇದೆಯಾ ಅಂತಲೂ ನೋಡಿದರು. ಎಲ್ಲ ಸರಿಯಾಗಿದೆ. ನಿದ್ದೆಯೂ ಚೆನ್ನಾಗಿಯೇ ಮಾಡುತ್ತಾನೆ.

ಜಮಖಂಡಿ ನಿವೃತ್ತ ಹೆಡ್‌ಮಾಸ್ತರ್

ತಂಗಿ, ನನ್ನ ಮಾತು ಬೇಸರ ತರಿಸಬಾರದು. ಇಡೀ ಆಯುಷ್ಯ ಹಳ್ಳಿ ಶಾಲೆಗಳಲ್ಲಿ ಕಲಿಸಿದವನು ನಾನು. ಪ್ರತಿ ವರ್ಷ ಇಂಥ ಹುಡುಗರು ಇರುತ್ತಿದ್ದರು. ಉಡಾಳ ಎನ್ನುತ್ತಿದ್ದೆವು ಅಷ್ಟೇ. ಆಗ ಯಾರಿಗೂ ಈ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಮಾತ್ರೆಯೂ ಇರಲಿಲ್ಲ. ಈಗ ಮಕ್ಕಳ ಪ್ರತಿಯೊಂದು ಸ್ವಭಾವಕ್ಕೂ ಒಂದು ಹೆಸರು ಹಚ್ಚುತ್ತಿದ್ದಾರೆ ಅನಿಸುತ್ತದೆ. ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಓದುವುದು ರೂಢಿಯಾದರೆ ಬಹಳ ಹುಡುಗರು ದಾರಿಗೆ ಬರುತ್ತಾರೆ. ಒಳ್ಳೆಯ ಹಾಸ್ಟೆಲ್ ಸಿಕ್ಕರೆ ಕಳಿಸುವುದರಲ್ಲಿ ತಪ್ಪಿಲ್ಲ.

ಬೆಳಗಾವಿ ಕೌನ್ಸೆಲರ್

ಗುರುಗಳೇ, ನಮಸ್ಕಾರ. ಪ್ರತಿ ವರ್ಷ ಇಂಥ ಹುಡುಗರು ಇರುತ್ತಿದ್ದರು ಅಂದಿರಿ. ಅದು ಖಂಡಿತ ನಿಜ. ಇದು ಈಗ ಹುಟ್ಟಿದ್ದಲ್ಲ. 1798ರಲ್ಲೇ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯರು ಗಮನ ನಿಲ್ಲದ ಮಕ್ಕಳ ಬಗ್ಗೆ ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಉಪನ್ಯಾಸ ಕೊಟ್ಟರು. ಬುದ್ಧಿ ಚೆನ್ನಾಗಿಯೇ ಇದ್ದು, ತಮ್ಮನ್ನು ತಾವು ತಡೆದುಕೊಳ್ಳಲು ಆಗದ ಮಕ್ಕಳ ವಿವರ ಅದರಲ್ಲಿತ್ತು. ಹೆಸರು ಮಾತ್ರ ಬದಲಾಗುತ್ತ ಬಂದಿದೆ. 1980ರಲ್ಲಿ ಎಡಿಡಿ ಎಂದರು, 1987ರಲ್ಲಿ ಎಡಿಎಚ್‌ಡಿ ಎಂದರು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇರುತ್ತದೆ ಎಂದು ಕಂಡಿದೆ.

ನಿಮ್ಮನ್ನು ಗೌರವದಿಂದಲೇ ಒಂದು ಮಾತು ಕೇಳುತ್ತೇನೆ. ಆ ಹುಡುಗರಲ್ಲಿ ಎಷ್ಟು ಜನ ಎಸ್ಸೆಸ್ಸೆಲ್ಸಿ ಮುಗಿಸಿದರು? ನಮ್ಮ ಕಡೆ ಅವರು ಏಳನೇ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ, ಖಾನಾವಳಿಗೆ, ಲಾರಿಗೆ ಕ್ಲೀನರ್ ಆಗಿ ಹೋಗಿಬಿಡುತ್ತಿದ್ದರು. ಅವರಲ್ಲಿ ಬುದ್ಧಿವಂತರೂ ಇದ್ದರು, ಅಲ್ವಾ?

ಎಲ್ಲ ಚೇಷ್ಟೆಗೂ ಈ ಹೆಸರು ಹಚ್ಚಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಅದಕ್ಕೇ ಕಟ್ಟುನಿಟ್ಟಿನ ನಿಯಮ ಇದೆ. ಗಮನ ನಿಲ್ಲದಿರುವುದಕ್ಕೆ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣ ಪಟ್ಟಿ ಮಾಡಿದ್ದಾರೆ. ಮಕ್ಕಳಲ್ಲಿ ಯಾವುದಾದರೂ ಒಂದು ಪಟ್ಟಿಯಲ್ಲಿ ಆರಾದರೂ ಇರಬೇಕು. ಆರು ತಿಂಗಳಿಗಿಂತ ಜಾಸ್ತಿ ಇರಬೇಕು. 12 ವರ್ಷದೊಳಗೆ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅದರಿಂದ ಮಗುವಿನ ಬದುಕಿಗೆ ತೊಂದರೆ ಆಗುತ್ತಿರಬೇಕು. ಶಾಲೆಯಲ್ಲಿ ಮಾತ್ರ ಗಲಾಟೆ, ಮನೆಯಲ್ಲಿ ಏನೂ ಇಲ್ಲ ಎಂದರೆ ಆ ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ನೋಡಬೇಕಾಗುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಗುವಿಗೆ ತಪ್ಪಾಗಿ ಈ ಹೆಸರು ಅಂಟುವುದೂ ಉಂಟು. ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಿಂದಲೂ ಇದನ್ನು ಕಂಡುಹಿಡಿಯಲು ಆಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ತಿಕೋಟಾ ಅಕ್ಕಾ, ಈಗ ನಿಮ್ಮ ಪ್ರಶ್ನೆ. ನಿಮ್ಮ ಮಗನಿಗೆ ಪುಟ ತಿರುವಬೇಕು ಅಂತ ಗೊತ್ತು. ರಸ್ತೆಯಲ್ಲಿ ಓಡಬಾರದು ಅಂತ ಗೊತ್ತು. ಕೇಳಿದರೆ ಸರಿಯಾಗಿಯೇ ಹೇಳುತ್ತಾನೆ. ಮಾಡಬೇಕಾದ ಆ ಗಳಿಗೆಯಲ್ಲಿ ಅದು ನೆನಪಿಗೆ ಬಂದು ಕೈ-ಕಾಲನ್ನು ಹಿಡಿಯುವುದಿಲ್ಲ. ಬಾವಿಯಲ್ಲಿ ನೀರಿದೆ, ಮೋಟರಿನ ಸ್ಟಾರ್ಟರ್ ಹಿಡಿಯುತ್ತಿಲ್ಲ, ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಬಹಳ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ. ಈ ಮಕ್ಕಳಿಗೆ ತಿಳಿವಳಿಕೆ ಕಡಿಮೆ ಇರುವುದಿಲ್ಲ, ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮಾಡುವುದು ಕಷ್ಟ. ಹಾಗಾಗಿ ಸಹಾಯವೂ ಆ ಜಾಗದಲ್ಲೇ, ಆ ಹೊತ್ತಿನಲ್ಲೇ ಸಿಗಬೇಕು. ಸಂಜೆ ಕೂರಿಸಿಕೊಂಡು ಬುದ್ಧಿ ಹೇಳಿದರೆ ನಾಳೆ ಬೆಳಿಗ್ಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಪ್ರಶ್ನೆಪತ್ರಿಕೆಯ ಕೆಳಗೆ "ಪುಟ ತಿರುವು" ಎಂದು ದೊಡ್ಡ ಬಾಣದ ಗುರುತು ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಮಕ್ಕಳ ಮೆದುಳಿನ ಚಿತ್ರಗಳನ್ನು ಹೋಲಿಸಿ ನೋಡಿದರು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮೆದುಳಿನ ಹೊರಪದರ ಬಲಿಯುವುದು ಸರಾಸರಿ ಮೂರು ವರ್ಷ ತಡ ಎಂದು ಕಂಡಿತು. ತಡವಾದರೂ ಬೆಳೆಯುವ ಕ್ರಮ ಅದೇ ಇತ್ತು. ಒಂಬತ್ತು ವರ್ಷದ ಹುಡುಗ ತನ್ನನ್ನು ತಡೆದುಕೊಳ್ಳುವ ವಿಷಯದಲ್ಲಿ ಆರೇಳು ವರ್ಷದವನಂತೆ ಇದ್ದಾನೆ ಅಂದುಕೊಳ್ಳಿ. ಆ ವಯಸ್ಸಿನ ಮಗುವನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಕೂರಿಸುವ ಹಾಸ್ಟೆಲ್‌ಗೆ ಕಳಿಸುತ್ತೀರಾ?

ಹಾಸ್ಟೆಲ್ ಎಂದರೆ ಎಲ್ಲವೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ದಿನಚರಿ ಗಟ್ಟಿ ಇರುವ ಜಾಗದಲ್ಲಿ ಈ ಮಕ್ಕಳು ಚೆನ್ನಾಗಿಯೂ ಇರುತ್ತಾರೆ. ನೀವು ಅಲ್ಲಿ ಕೇಳಬೇಕಾದ್ದನ್ನು ಕೇಳಿ. ಆಟಕ್ಕೆ ದಿನಾ ಎಷ್ಟು ಹೊತ್ತು ಬಿಡುತ್ತಾರೆ? ಒಂಬತ್ತು ಗಂಟೆಯಾದರೂ ನಿದ್ದೆ ಸಿಗುತ್ತದಾ? ತಪ್ಪು ಮಾಡಿದರೆ ಏನು ಮಾಡುತ್ತಾರೆ? ಒಬ್ಬ ವಾರ್ಡನ್ ಎಷ್ಟು ಮಕ್ಕಳನ್ನು ನೋಡುತ್ತಾರೆ? ಮಾತ್ರೆ ಶುರು ಮಾಡಿದರೆ ಕೊಡುವವರು ಯಾರು, ಊಟ ಕಡಿಮೆಯಾದರೆ ಗಮನಿಸುವವರು ಯಾರು? ಉತ್ತರ ನಿಮಗೇ ತಿಳಿಯುತ್ತದೆ.

ಮುಧೋಳ ಅಪ್ಪ

ಕೌನ್ಸೆಲರ್ ಅವರು ಹೇಳಿದ್ದು ನಾವು ಅನುಭವಿಸಿದ್ದೇವೆ. ನಮ್ಮ ಮಗನನ್ನು ಹೀಗೇ ಒಂದು ಕೋಚಿಂಗ್ ಹಾಸ್ಟೆಲ್‌ನಲ್ಲಿ ಬಿಟ್ಟಿದ್ದೆವು. ಹೆಸರು ಬೇಡ. ಹೋಂವರ್ಕ್ ಮುಗಿಸದಿದ್ದರೆ ಸಂಜೆ ಆಟ ಬಂದ್. ಅವನು ಒಂದು ದಿನವೂ ಮುಗಿಸುತ್ತಿರಲಿಲ್ಲ, ಹಾಗಾಗಿ ಒಂದು ದಿನವೂ ಮೈದಾನಕ್ಕೆ ಇಳಿಯಲಿಲ್ಲ. ಆಡದಿದ್ದಕ್ಕೆ ಇನ್ನೂ ಚಡಪಡಿಕೆ, ಅದಕ್ಕೆ ಇನ್ನೂ ಶಿಕ್ಷೆ. ದಸರಾ ರಜೆಗೆ ಬಂದಾಗ ಮಾತೇ ನಿಲ್ಲಿಸಿದ್ದ. "ನಾ ದಡ್ಡ ಅದೀನಿ, ನನ್ನ ಸಾಲಿ ಬಿಡಸ್ರಿ" ಅಂದ. ಅವತ್ತೇ ಟ್ರಂಕ್ ವಾಪಸ್ ತಂದೆವು. ಈಗ ಊರಿನ ಶಾಲೆಯಲ್ಲೇ ಇದ್ದಾನೆ, ಕಬಡ್ಡಿ ಆಡುತ್ತಾನೆ, ಓದುತ್ತಾನೆ.

ಇನ್ನೊಂದು ಮಾತು. ನವೋದಯ ಸಿಕ್ಕರೂ ಆರನೇ ತರಗತಿಯಿಂದ ಅಲ್ಲಿಯೇ ಇರಬೇಕು. ಕೋಚಿಂಗ್ ಒಂದು ವರ್ಷದ ಮಾತು ಮಾತ್ರ ಎಂದುಕೊಳ್ಳಬೇಡಿ.

ತಿಕೋಟಾ ದ್ರಾಕ್ಷಿ

ಓದಿ ಕಣ್ಣಲ್ಲಿ ನೀರು ಬಂತು ಅಣ್ಣಾ. ಇವನೂ ಈಗೀಗ ತನ್ನನ್ನು ದಡ್ಡ ಅಂದುಕೊಳ್ಳಲು ಶುರು ಮಾಡಿದ್ದಾನೆ.

ಮಾತ್ರೆಯ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಅತ್ತೆಯವರ ಭಯ ನನಗೂ ಇದೆ. ಚಟ ಹಿಡಿಯುತ್ತದಾ? ಜೀವನಪೂರ್ತಿ ತೆಗೆದುಕೊಳ್ಳಬೇಕಾ? ಮಗು ಮಂಕಾಗುತ್ತದಾ?

ನಿಪ್ಪಾಣಿ ಔಷಧ ಅಂಗಡಿ

ನಾನು ಫಾರ್ಮಸಿಸ್ಟ್. ಸಿಗುವ ವಿಷಯ ಮಾತ್ರ ಹೇಳುತ್ತೇನೆ, ಕೊಡಬೇಕೋ ಬೇಡವೋ ಎನ್ನುವುದು ವೈದ್ಯರ ಮಾತು. ಇದಕ್ಕೆ ಹೆಚ್ಚಾಗಿ ಬರೆಯುವ ಮಾತ್ರೆ ಮೀಥೈಲ್‌ಫೆನಿಡೇಟ್. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಔಷಧಗಳ ಪಟ್ಟಿ. ಬೇರೆ ಲೈಸೆನ್ಸ್ ಇರುವ ಅಂಗಡಿಯವರು ಮಾತ್ರ ಇಡಬಹುದು. ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಅದಕ್ಕೇ ತಾಲ್ಲೂಕಿನ ಸಣ್ಣ ಅಂಗಡಿಗಳಲ್ಲಿ ಕೇಳಿದರೆ ಇಲ್ಲ ಎನ್ನುತ್ತಾರೆ. ಗಾಬರಿಯಾಗಬೇಡಿ. ವೈದ್ಯರನ್ನೇ ಎಲ್ಲಿ ಸಿಗುತ್ತದೆ ಎಂದು ಕೇಳಿ ಹೋಗಿ. ಮುಗಿಯುವ ಒಂದು ವಾರ ಮೊದಲೇ ಹೊಸ ಚೀಟಿ ಬರೆಸಿಕೊಳ್ಳಿ. ಅಕ್ಕಪಕ್ಕದವರ ಮಗುವಿನ ಮಾತ್ರೆ ಮಾತ್ರ ತಂದು ಕೊಡಬೇಡಿ.

ಇನ್ನೊಂದು ಆಟೊಮಾಕ್ಸೆಟಿನ್. ಅದು ಆ ಪಟ್ಟಿಯಲ್ಲಿಲ್ಲ, ಚೀಟಿ ಇದ್ದರೆ ಸಿಗುವುದು ಸುಲಭ.

ಬೆಳಗಾವಿ ಕೌನ್ಸೆಲರ್

ನಾನು ಔಷಧ ಬರೆಯುವವಳಲ್ಲ. ವೈದ್ಯರ ಜೊತೆ ಕೆಲಸ ಮಾಡುತ್ತ ಕಂಡದ್ದು, ಓದಿದ್ದು ಹೇಳುತ್ತೇನೆ.

ಮೀಥೈಲ್‌ಫೆನಿಡೇಟ್ ಹೊಸದಲ್ಲ. 1944ರಲ್ಲಿ ತಯಾರಾದದ್ದು, 1950ರ ದಶಕದಿಂದ ಬಳಕೆಯಲ್ಲಿದೆ. ಗಮನ ಹಿಡಿದಿಡುವ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮೆದುಳಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಉಳಿಯುವಂತೆ ಮಾಡುತ್ತದೆ. ಸಾದಾ ಮಾತ್ರೆ ಅರ್ಧ-ಒಂದು ಗಂಟೆಯಲ್ಲಿ ಕೆಲಸ ಶುರು ಮಾಡಿ ಮೂರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆ ಶಾಲೆಯ ಹೊತ್ತಿಡೀ ಇರುತ್ತದೆ. ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡಿ ನೋಡುತ್ತ ಏರಿಸುತ್ತಾರೆ. ಹಸಿವು ಕಡಿಮೆಯಾಗುವುದು ಸಾಮಾನ್ಯ. ನಿದ್ದೆ ತಡವಾಗಬಹುದು, ತಲೆನೋವು ಹೊಟ್ಟೆನೋವು ಬರಬಹುದು, ನಾಡಿಬಡಿತ ಸ್ವಲ್ಪ ಏರಬಹುದು. ಅದಕ್ಕೇ ತೂಕ, ಎತ್ತರ, ರಕ್ತದೊತ್ತಡ, ನಾಡಿ ಆಗಾಗ ನೋಡುತ್ತಾರೆ. ಬೆಳಿಗ್ಗೆ ಮಾತ್ರೆಗಿಂತ ಮೊದಲು ಹೊಟ್ಟೆ ತುಂಬ ಊಟ ಮಾಡಿಸಿ. ಸಂಜೆ ಹಸಿವು ಮರಳಿದಾಗ ಶೇಂಗಾ, ಹಾಲು, ರೊಟ್ಟಿ ಏನಾದರೂ ಕೊಡಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ ತೀರಿಕೊಂಡಿದ್ದರೆ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು, ಇದನ್ನು ಮರೆಯಬೇಡಿ.

ಮಗು ಮಂಕಾದರೆ ಪ್ರಮಾಣ ಜಾಸ್ತಿ ಆಗಿದೆ ಅಥವಾ ಆ ಮಾತ್ರೆ ಒಗ್ಗಿಲ್ಲ ಎಂದರ್ಥ. ವೈದ್ಯರಿಗೆ ತಿಳಿಸಿದರೆ ಬದಲಿಸುತ್ತಾರೆ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಮಕ್ಕಳಿಗೆ ಮುಂದೆ ಚಟ ಜಾಸ್ತಿಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಜೀವನಪೂರ್ತಿ ಎಂದು ಯಾರೂ ಬರೆಯುವುದಿಲ್ಲ, ಇನ್ನೂ ಬೇಕಾ ಎಂದು ವರ್ಷಕ್ಕೊಮ್ಮೆಯಾದರೂ ವೈದ್ಯರ ಜೊತೆ ಕುಳಿತು ನೋಡಬೇಕು.

ಮಾತ್ರೆಯೋ ತರಬೇತಿಯೋ ಎನ್ನುವ ಜಗಳಕ್ಕೆ 1999ರ ದೊಡ್ಡ ಅಧ್ಯಯನವೊಂದು ಬೆಳಕು ಚೆಲ್ಲುತ್ತದೆ. ಅಮೆರಿಕದಲ್ಲಿ 579 ಮಕ್ಕಳನ್ನು ಗುಂಪು ಮಾಡಿ 14 ತಿಂಗಳು ನೋಡಿದರು. ಚಂಚಲತೆ, ಗಮನ ಇವುಗಳಿಗೆ ಸರಿಯಾಗಿ ನೋಡಿಕೊಂಡು ಕೊಟ್ಟ ಔಷಧ ಹೆಚ್ಚು ನೆರವಾಯಿತು. ತಂದೆ-ತಾಯಿ ಜೊತೆಗಿನ ಸಂಬಂಧ, ಗೆಳೆಯರ ಜೊತೆಗಿನ ನಡವಳಿಕೆ ಇವುಗಳಲ್ಲಿ ಎರಡೂ ಸೇರಿದಾಗ ಲಾಭ ಕಂಡಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಕರಗಿತ್ತು. ಆದ್ದರಿಂದ ಮಾತ್ರೆ ಕೊಟ್ಟು ಸುಮ್ನೆ ಕೂರುವ ಹಾಗಿಲ್ಲ. ಆರು ವರ್ಷದೊಳಗಿನ ಮಕ್ಕಳಿಗಂತೂ ಮೊದಲು ತಂದೆ-ತಾಯಿಯ ತರಬೇತಿಯೇ.

ಕಿತ್ತೂರು ಸೀಮೆ

ಸಕ್ಕರೆ, ಬೆಲ್ಲ ಬಿಡಿಸಿದರೆ ಕಡಿಮೆಯಾಗುತ್ತದೆ ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ಮೊಬೈಲ್‌ನಿಂದಲೇ ಈ ಕಾಯಿಲೆ ಬರುತ್ತದಂತೆ. ಹೌದಾ?

ಬೆಳಗಾವಿ ಕೌನ್ಸೆಲರ್

ಸಕ್ಕರೆಯಿಂದ ಬರುವುದಿಲ್ಲ. 1990ರ ದಶಕದಲ್ಲೇ ಮಕ್ಕಳಿಗೂ ತಂದೆ-ತಾಯಿಗೂ ಗೊತ್ತಾಗದಂತೆ ಸಕ್ಕರೆ ಕೊಟ್ಟು, ಕೊಡದೆ ಪರೀಕ್ಷಿಸಿ ನೋಡಿದ್ದಾರೆ. ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಬ್ಬಕ್ಕೆ ಒಂದು ತುಂಡು ಕರದಂಟು ತಿನ್ನುವ ಮಗುವನ್ನು ಅದಕ್ಕಾಗಿ ತಡೆಯಬೇಡಿ. ಮೊಬೈಲ್ ಈ ಸಮಸ್ಯೆಯನ್ನು ಹುಟ್ಟಿಸುವುದಿಲ್ಲ, ಆದರೆ ನಿದ್ದೆ ಮತ್ತು ಆಟ ಎರಡನ್ನೂ ತಿಂದುಹಾಕುತ್ತದೆ. "ಮೊಬೈಲ್ ಮುಂದೆ ಎರಡು ತಾಸು ಕೂರುತ್ತಾನೆ, ಪುಸ್ತಕ ಹಿಡಿದರೆ ಮಾತ್ರ ಆಗಲ್ಲ, ಬೇಕಂತಲೇ ಮಾಡುತ್ತಾನೆ" ಎನ್ನುವವರಿಗೆ ಒಂದು ಮಾತು. ಆಟದಲ್ಲಿ ಪ್ರತಿ ಕ್ಷಣ ಬಹುಮಾನ ಸಿಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಬಹುಮಾನ ಸಿಗುವುದು ಮಾರ್ಚ್‌ನಲ್ಲಿ. ಈ ಮಕ್ಕಳಿಗೆ ಅಷ್ಟು ದೂರದ್ದು ಹಿಡಿಯುವುದಿಲ್ಲ.

ಇಳಕಲ್ ಸೆರಗು

ಎಲ್ಲರೂ ಓಡಾಡುವ ಗಂಡುಮಕ್ಕಳ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಮಗಳು ಕೂತಲ್ಲಿಂದ ಏಳುತ್ತಿರಲಿಲ್ಲ. ಶಾಲೆಯಲ್ಲಿ "ಭಾಳ ಸಂಭಾವಿತ ಹುಡುಗಿ" ಎಂದು ಹೊಗಳುತ್ತಿದ್ದರು. ಕಿಟಕಿ ಕಡೆ ನೋಡುತ್ತ ಕುಳಿತಿರುತ್ತಿದ್ದಳು, ಅಷ್ಟೇ. ಕರೆದರೆ ಮೂರನೇ ಸಲಕ್ಕೆ ತಿರುಗುತ್ತಾಳೆ. ನಲ್ಲಿ ತಿರುವಿ ಕೊಡ ತುಂಬುವುದರೊಳಗೆ ಬೇರೆಲ್ಲೋ ಇರುತ್ತಾಳೆ. ಎಂಟನೇ ತರಗತಿಯಲ್ಲಿ ವಿಷಯಗಳು ಜಾಸ್ತಿಯಾದಾಗ ಅಂಕ ಕುಸಿದವು, ಪರೀಕ್ಷೆ ಎಂದರೆ ಹೊಟ್ಟೆನೋವು ಬರತೊಡಗಿತು. ಹೊಟ್ಟೆಗೆಂದೇ ತೋರಿಸಲು ಹೋದೆವು. ಅಲ್ಲಿಂದ ಮನೋವೈದ್ಯರ ಕಡೆ ಕಳಿಸಿದರು. ಚಡಪಡಿಕೆ ಇಲ್ಲದ, ಗಮನ ಮಾತ್ರ ನಿಲ್ಲದ ಬಗೆಯೂ ಇದೆ, ಹೆಣ್ಣುಮಕ್ಕಳಲ್ಲಿ ಬಹಳ ಸಲ ಗೊತ್ತಾಗದೇ ಹೋಗುತ್ತದೆ ಎಂದರು.

ಗಲಾಟೆ ಮಾಡದ ಹುಡುಗಿ ಯಾರಿಗೂ ಕಾಣುವುದಿಲ್ಲ. ಮಾಸ್ತರರೇ, ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರನ್ನೂ ಒಮ್ಮೆ ನೋಡಿ.

ಬಾಗಲಕೋಟಿ ಮಾಸ್ತರ

ಖಂಡಿತ ನೋಡುತ್ತೇನೆ ಅಕ್ಕಾ. ನೀವು ಹೇಳಿದ್ದು ಬಹಳ ಮುಖ್ಯ.

ಶಾಲೆಯಲ್ಲಿ ನಾನು ಏನು ಮಾಡುತ್ತೇನೆ ಅಂತ ಬರೆಯುತ್ತೇನೆ. ನಮ್ಮದು ಸರ್ಕಾರಿ ಶಾಲೆ, ಖರ್ಚು ಏನೂ ಇಲ್ಲ. ಅಂಥ ಮಗುವನ್ನು ಬಾಗಿಲು, ಕಿಟಕಿಯಿಂದ ದೂರ, ಹಲಗೆಗೆ ಹತ್ತಿರ ಕೂರಿಸುತ್ತೇನೆ. ಪಕ್ಕದಲ್ಲಿ ಸಮಾಧಾನದ ಮಗು. ಹತ್ತು ಲೆಕ್ಕ ಇದ್ದರೆ ಮೂರು ಲೆಕ್ಕ ಬರೆದು ತಂದು ತೋರಿಸು ಎನ್ನುತ್ತೇನೆ. ತೋರಿಸಲು ಎದ್ದು ಬರುವುದೇ ಅದಕ್ಕೆ ಬಿಡುವು. ನಂತರ ಮುಂದಿನ ಮೂರು. ಸೂಚನೆ ಒಂದು ಸಲಕ್ಕೆ ಒಂದೇ. "ಪುಸ್ತಕ ತೆಗಿ, ಪುಟ ನಲವತ್ತು, ಎರಡನೇ ಪ್ರಶ್ನೆ ಬರಿ" ಎಂದರೆ ಅದಕ್ಕೆ ಉಳಿಯುವುದು ಪುಸ್ತಕ ಒಂದೇ. ಸೀಮೆಸುಣ್ಣ ತರುವುದು, ಹಾಜರಿ ಪುಸ್ತಕ ಆಫೀಸಿಗೆ ಒಯ್ಯುವುದು, ಹಲಗೆ ಒರೆಸುವುದು ಅವನ ಕೆಲಸ. ಸರಿ ಮಾಡಿದಾಗ ಆ ನಿಮಿಷವೇ ಹೆಸರು ಹಿಡಿದು ಹೇಳುತ್ತೇನೆ. ತಪ್ಪು ಮಾಡಿದಾಗ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಡುತ್ತೇನೆ, ಎಲ್ಲರೆದುರು ಕೂಗುವುದಿಲ್ಲ. ಆಟದ ಪೀರಿಯಡ್ ಯಾವತ್ತೂ ಕಿತ್ತುಕೊಳ್ಳುವುದಿಲ್ಲ. ಹೊಡೆಯುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ಮನಸ್ಸು ನೋಯಿಸುವುದೂ ಅದೇ ಕಲಮಿನಲ್ಲಿ ಬರುತ್ತದೆ.

ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮದ ತಂಡದ ಡಾಕ್ಟರ್ ಬರುತ್ತಾರೆ. 2013ರಿಂದ ಇದೆ. ಹೆಚ್ಚಿನವರು ಹಲ್ಲು, ಕಣ್ಣು, ರಕ್ತಹೀನತೆ ಎಂದೇ ತಿಳಿದಿದ್ದಾರೆ. ಅವರ ತಪಾಸಣೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆ, ಎಡಿಎಚ್‌ಡಿ ಎರಡೂ ಇವೆ. ತಂಡ ಬರುವ ದಿನ ಆ ಮಗುವಿನ ಹೆಸರು ಹೇಳಿದರೆ ಜಿಲ್ಲಾ ಆಸ್ಪತ್ರೆಗೆ ಬರೆದು ಕೊಡುತ್ತಾರೆ. ಶಿಕ್ಷಕರು ಓದುತ್ತಿದ್ದರೆ ದಯವಿಟ್ಟು ಇದನ್ನು ಉಪಯೋಗಿಸಿ.

ಗೋಕಾಕ ಸೊಸೈಟಿ

ದೊಡ್ಡವರ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಸಹಕಾರಿ ಸೊಸೈಟಿಯೊಂದರಲ್ಲಿ ಕೆಲಸ. ಮೂವತ್ತು ದಾಟಿದ ಮೇಲೆ ನನಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾಯಿತು. ಹುಡುಗನಾಗಿದ್ದಾಗಿನ ಓಡಾಟ ಈಗಿಲ್ಲ. ಹೊರಗೆ ಸುಮ್ಮನೆ ಕೂತಿರುತ್ತೇನೆ, ಒಳಗೆ ತಳಮಳ. ಫೈಲು ಎದುರಿಗೆ ಇರುತ್ತದೆ, ಶುರು ಮಾಡಲು ಆಗುವುದಿಲ್ಲ. ಕೊನೆಯ ದಿನ ರಾತ್ರಿ ಎಲ್ಲ ಮುಗಿಸುತ್ತೇನೆ. ಬಿಲ್ಲು ಕಟ್ಟಲು ಮರೆಯುವುದು, ಮಾತಿನ ನಡುವೆ ಮನಸ್ಸು ಹಾರುವುದು, ಸಿಟ್ಟಿನಲ್ಲಿ ಕೆಲಸ ಬಿಡುವುದು ಎಲ್ಲ ಆಗಿದೆ. ಹೆಂಡತಿಗೆ ನಾನು ಅವಳನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುವ ನೋವು ಬಹಳ ಇತ್ತು.

ವೈದ್ಯರು ಹಳೆಯ ಮಾರ್ಕ್ಸ್‌ಕಾರ್ಡ್ ಕೇಳಿದರು, ಅವ್ವನನ್ನು ಕರೆಸಿ ಬಾಲ್ಯದ ಬಗ್ಗೆ ಕೇಳಿದರು. ದೊಡ್ಡವರಲ್ಲಿ ಐದು ಲಕ್ಷಣ ಸಾಕು, ಆದರೆ 12 ವರ್ಷದೊಳಗೆ ಕಾಣಿಸಿಕೊಂಡಿರಬೇಕಂತೆ. ಖಿನ್ನತೆ, ಆತಂಕ, ಕುಡಿತ ಇದೆಯಾ ಎಂದೂ ನೋಡಿದರು. ಅವುಗಳಿಂದಲೂ ಗಮನ ಹೋಗುತ್ತದೆ. ನನಗೆ ಆಟೊಮಾಕ್ಸೆಟಿನ್ ಕೊಟ್ಟರು. ಅದು ಮರುದಿನವೇ ಕೆಲಸ ಮಾಡುವುದಿಲ್ಲ, ತಿಂಗಳಿನ ಮೇಲೆ ಬೇಕು. ನಡುವೆ ಬಿಡಬಾರದು.

ಮಾತ್ರೆಯಷ್ಟೇ ಸಹಾಯ ಮಾಡಿದ್ದು ಬೇರೆ ವ್ಯವಸ್ಥೆಗಳು. ನಾನು ಈಗ ಯಾವುದನ್ನೂ ನೆನಪಿನ ಮೇಲೆ ಬಿಡುವುದಿಲ್ಲ. ಕಂತುಗಳು ತಾನಾಗಿಯೇ ಖಾತೆಯಿಂದ ಕಟ್ ಆಗುತ್ತವೆ. ಬೈಕಿನ ಕೀಲಿ ಬಾಗಿಲ ಪಕ್ಕದ ಮೊಳೆಗೆ, ಬೇರೆಲ್ಲೂ ಇಡುವುದಿಲ್ಲ. ಒಂದೇ ಡೈರಿ. ಕಷ್ಟದ ಫೈಲನ್ನು ಸಹೋದ್ಯೋಗಿ ಪಕ್ಕದಲ್ಲಿ ಕುಳಿತಿರುವಾಗ ತೆಗೆಯುತ್ತೇನೆ. ಅವರು ಅವರ ಕೆಲಸ ಮಾಡುತ್ತಿರುತ್ತಾರೆ, ನನ್ನದೂ ಮುಂದೆ ಹೋಗುತ್ತದೆ. ಹೆಂಡತಿ ಮುಖ್ಯವಾದದ್ದನ್ನು ಹೇಳುವಾಗ ಟಿವಿ ಬಂದ್ ಮಾಡಿ ಎದುರಿಗೆ ಕೂರುತ್ತೇವೆ.

ತಿಕೋಟಾ ದ್ರಾಕ್ಷಿ

ಗೋಕಾಕದ ಅಣ್ಣಾ, ನಿಮ್ಮದನ್ನು ಓದುತ್ತ ನಮ್ಮ ಮನೆಯವರೇ ಬರೆದಂತೆ ಅನಿಸಿತು. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ದಿನ ಮರೆಯುತ್ತಾರೆ. ಮೋಟರ್ ಚಾಲೂ ಬಿಟ್ಟು ಊರಿಗೆ ಬರುತ್ತಾರೆ. ಬಳ್ಳಿ ಕತ್ತರಿಸುವ ಚಾಟ್ನಿ ಹೊತ್ತಿನಲ್ಲಿ ಮಾತ್ರ ಹಗಲು ರಾತ್ರಿ ಒಂದು ಮಾಡಿ ಯಾರೂ ಮಾಡದ ಕೆಲಸ ಮಾಡುತ್ತಾರೆ. ಡಾಕ್ಟರ್ ಕೂಡ "ತಂದೆ ಹೇಗೆ?" ಎಂದು ಕೇಳಿದ್ದರು. ಆಗ ಯಾಕೆ ಕೇಳಿದರು ಎಂದು ತಿಳಿಯಲಿಲ್ಲ.

ಬೆಳಗಾವಿ ಕೌನ್ಸೆಲರ್

ಇದು ಮನೆತನದಲ್ಲಿ ಬಹಳ ಗಟ್ಟಿಯಾಗಿ ಹರಿದು ಬರುತ್ತದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ. 75 ಎಂದು ಕಂಡಿದೆ. ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಆ ಮಾತು ಸುಳ್ಳು. ನಿಮ್ಮ ಯಜಮಾನರಿಗೂ ಹೇಳಿ, ತಪ್ಪು ಅವರದ್ದೂ ಅಲ್ಲ. ಅವರು ಮಗನಿಗೆ "ನನಗೂ ಹೀಗೇ ಆಗುತ್ತಿತ್ತು" ಎಂದು ಹೇಳಿದರೆ ಆ ಹುಡುಗನಿಗೆ ಅದು ದೊಡ್ಡ ಬಲ.

ಜಮಖಂಡಿ ನಿವೃತ್ತ ಹೆಡ್‌ಮಾಸ್ತರ್

ಎಲ್ಲರ ಮಾತು ಓದಿದೆ. ಮಗ್ಗಕ್ಕೆ ಹೋದ ಹುಡುಗರ ಬಗ್ಗೆ ಬೆಳಗಾವಿಯ ತಂಗಿ ಕೇಳಿದ ಪ್ರಶ್ನೆ ಮನಸ್ಸಿನಲ್ಲಿ ಉಳಿದಿದೆ. ಹೆಸರು ಹಚ್ಚುವ ಅವಸರದ ಬಗ್ಗೆ ನನ್ನ ಆತಂಕ ಈಗಲೂ ಇದೆ. ಆದರೆ ಈ ಹುಡುಗನನ್ನು ಇಷ್ಟೆಲ್ಲ ನೋಡಿಯೇ ಹೇಳಿದ್ದಾರೆ ಎಂಬುದು ಒಪ್ಪಿಗೆಯಾಯಿತು.

ಪರೀಕ್ಷೆಯ ವಿಷಯ ನನಗೆ ಗೊತ್ತಿರುವುದು, ಅದನ್ನು ಹೇಳುತ್ತೇನೆ. ನವೋದಯ ಪರೀಕ್ಷೆ ಎರಡು ತಾಸಿನದು. 80 ಪ್ರಶ್ನೆ, 100 ಅಂಕ. ಅರ್ಧ, ಅಂದರೆ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ ಚಿತ್ರಗಳು. ಉಳಿದದ್ದು ಲೆಕ್ಕ 20, ಭಾಷೆ 20. ಬಾಯಿಲೆಕ್ಕ ಬರುವ ಹುಡುಗನಿಗೆ ಇದು ದೂರದ್ದಲ್ಲ. ಎರಡು ತಾಸು ಒಮ್ಮೆಗೇ ಕೂರಿಸಬೇಡಿ. ಹತ್ತು ಪ್ರಶ್ನೆಗೆ ಹದಿನೈದು ನಿಮಿಷ, ಎದುರಿಗೆ ಗಡಿಯಾರ, ಮುಗಿದ ಕೂಡಲೇ ತಿದ್ದಿ, ಐದು ನಿಮಿಷ ಅಂಗಳದಲ್ಲಿ ಓಡಾಡಲು ಬಿಡಿ. ನಿಧಾನವಾಗಿ ಎರಡು ಕಂತು ಜೋಡಿಸಿ, ಮೂರು ಜೋಡಿಸಿ. ಉತ್ತರ ಹಾಳೆಯಲ್ಲಿ ಗುಂಡು ತುಂಬುವಾಗ ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಇಂಥ ಹುಡುಗರಿಗೆ ಅದೇ ದೊಡ್ಡ ಅಪಾಯ. ಪ್ರತಿ ಐದನೇ ಪ್ರಶ್ನೆಗೆ ನಿಂತು ಸಂಖ್ಯೆ ಹೊಂದಿಸಿ ನೋಡುವ ರೂಢಿ ಮಾಡಿಸಿ. ಇದಕ್ಕೆ ಹಾಸ್ಟೆಲ್ ಬೇಕಿಲ್ಲ.

ತಿಕೋಟಾ ದ್ರಾಕ್ಷಿ

ಗುರುಗಳೇ, ನಿಮಗೆ ನಮಸ್ಕಾರ. ಇದನ್ನು ಬರೆದು ಗೋಡೆಗೆ ಹಚ್ಚಿದ್ದೇನೆ.

ಮನೆಯಲ್ಲಿ ಮಾತಾಡಿದೆವು. ಹಾಸ್ಟೆಲ್ ಸೀಟು ಬೇಡ ಎಂದು ಹೇಳಿದ್ದೇವೆ. ಮೈದುನನಿಗೆ ಸ್ವಲ್ಪ ಬೇಸರವಿದೆ, ಮುಧೋಳದ ಅಣ್ಣನವರು ಬರೆದದ್ದನ್ನು ಓದಿಸಿದ ಮೇಲೆ ಸುಮ್ಮನಾದ. ಪರೀಕ್ಷೆಗೆ ಮನೆಯಲ್ಲೇ ತಯಾರಿ ಮಾಡಿಸುತ್ತೇವೆ, ಸಿಕ್ಕರೆ ಆಗ ಯೋಚಿಸುತ್ತೇವೆ. ಮಾತ್ರೆಯನ್ನು ವೈದ್ಯರ ಜೊತೆ ಇನ್ನೊಮ್ಮೆ ಕೂತು ತೀರ್ಮಾನ ಮಾಡುತ್ತೇವೆ. ಅತ್ತೆಯವರೂ ಬರುತ್ತೇನೆ ಎಂದಿದ್ದಾರೆ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ಮನೆಯವರು ತಮ್ಮದೂ ತೋರಿಸಬೇಕಾ ಎಂದು ಕೇಳಿದರು. ಹೋಗುವಾಗ ಏನೇನು ಒಯ್ಯಬೇಕು?

ಬೆಳಗಾವಿ ಕೌನ್ಸೆಲರ್

ತೋರಿಸಲಿ, ಒಳ್ಳೆಯದು. ಮಗನ ಈ ವರ್ಷದ ನೋಟ್‌ಬುಕ್, ಉತ್ತರ ಪತ್ರಿಕೆ, ಶಾಲೆಯಿಂದ ಒಂದು ಪುಟ ಬರಹ ಒಯ್ಯಿರಿ. ಓದು-ಬರಹದಲ್ಲಿ ಅಕ್ಷರ ತಿರುಗುಮುರುಗಾಗುವುದು, ಓದಲು ತಡವರಿಸುವುದು ಇದ್ದರೆ ಹೇಳಿ. ಕಲಿಕೆಯ ತೊಂದರೆಯೂ ಜೊತೆಗೆ ಇರಬಹುದು. ಅದನ್ನು ಪರೀಕ್ಷಿಸಿ ನೋಡಬೇಕು, ಏಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳುವಾಗ ಅದು ಬೇಕಾಗುತ್ತದೆ. ಯಜಮಾನರ ಹಳೆಯ ಶಾಲಾ ದಾಖಲೆ ಸಿಕ್ಕರೆ ಇರಲಿ. ಮನೆತನದ ಹೃದಯದ ತೊಂದರೆಗಳನ್ನು ಅತ್ತೆಯವರೇ ಸರಿಯಾಗಿ ಹೇಳಬಲ್ಲರು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಮನೋವೈದ್ಯ ವಿಭಾಗ ಇದೆ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ನಡುವೆ ಏನಾದರೂ ಕೇಳಬೇಕೆಂದರೆ 14416, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಬಾಗಲಕೋಟಿ ಮಾಸ್ತರ

ಶಾಲೆಯ ಬರಹದಲ್ಲಿ "ಚಂಚಲ" ಎಂದಷ್ಟೇ ಬರೆಸಬೇಡಿ ಅಕ್ಕಾ. ಯಾವ ಪೀರಿಯಡ್‌ನಲ್ಲಿ ಎಷ್ಟು ಹೊತ್ತು ಕೂರುತ್ತಾನೆ, ಯಾವ ಕೆಲಸ ಅರ್ಧಕ್ಕೆ ಬಿಡುತ್ತಾನೆ, ಯಾವುದನ್ನು ಚೆನ್ನಾಗಿ ಮಾಡುತ್ತಾನೆ, ಗೆಳೆಯರು ಇದ್ದಾರಾ ಎಂದು ಬರೆಯಲು ಹೇಳಿ. ಅವನ ಟೀಚರ್‌ಗೆ ಹೇಗೆ ಬರೆಯಬೇಕು ಎಂದು ತಿಳಿಯದಿದ್ದರೆ ನನಗೆ ಇಲ್ಲೇ ಕೇಳಲಿ, ನಾನು ಮಾದರಿ ಬರೆದು ಹಾಕುತ್ತೇನೆ.